ಹಸಿರು ಚುಕ್ಕೆ ಉರಿದರೆ ಸಾಲದು, 90 ನಿಮಿಷ ಕಾಯಬೇಕು

ಕಳೆದ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳೂವರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಲೆಕ್ಟ್ರಿಕಲ್ ರೂಮಿನಲ್ಲಿ ನಿಂತು ಮೆಟ್ಟಿಲಿನ ಲೈಟುಗಳ ಎಂಸಿಬಿ, ಅಂದರೆ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್, ಇಳಿಸಿದೆ. ಹನ್ನೊಂದು ಮಹಡಿಯ ಕಟ್ಟಡ. ಎರಡು ಕಡೆ ಮೆಟ್ಟಿಲು, ಎರಡಕ್ಕೂ ಕಿಟಕಿ ಇಲ್ಲ, ಫೈರ್ ಡೋರ್ ಮುಚ್ಚಿದರೆ ಹಗಲು ಹೊತ್ತಿನಲ್ಲೂ ಒಳಗೆ ಗವ್ವೆನ್ನುವ ಕತ್ತಲೆ. ಆವತ್ತು ಒಂದು ಕಡೆಯ ಮೆಟ್ಟಿಲು ಮಾತ್ರ ನೋಡುವುದು ಅಂತ ಮೊದಲೇ ತೀರ್ಮಾನಿಸಿದ್ದೆವು. ಇನ್ನೊಂದು ಕಡೆ ದೀಪ ಉರಿಯುತ್ತಿರಲಿ, ಜನ ಓಡಾಡಲಿ ಅಂತ.

ಎಂಸಿಬಿ ಇಳಿದ ತಕ್ಷಣ, ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ಉರಿಯಬೇಕಾದ 24 ಎಮರ್ಜೆನ್ಸಿ ದೀಪಗಳಲ್ಲಿ 22 ಹತ್ತಿಕೊಂಡವು. ಅಸೋಸಿಯೇಷನ್ನಿನ ಕಾರ್ಯದರ್ಶಿಗಳು ನಿಟ್ಟುಸಿರು ಬಿಟ್ಟರು. "ಚೆನ್ನಾಗೇ ಇದೆಯಲ್ಲ ಸಾರ್, ಆ ಎರಡು ಬದಲಾಯಿಸಿಬಿಡ್ತೀವಿ" ಅಂದರು. ನಾನು ಗಡಿಯಾರ ನೋಡಿ, "ಇವು ಒಂದೂವರೆ ಗಂಟೆ ಉರೀಬೇಕು ಸಾರ್, ಕಾಫಿ ಕುಡ್ಕೊಂಡು ಬನ್ನಿ" ಅಂದೆ.

ಹದಿನೈದು ನಿಮಿಷಕ್ಕೆ 17 ಉಳಿದವು. ನಲವತ್ತು ನಿಮಿಷಕ್ಕೆ 9. ಅಷ್ಟು ಹೊತ್ತಿಗೆ ಐದನೇ ಮಹಡಿಯಿಂದ ಎಂಟನೇ ಮಹಡಿವರೆಗೆ ಒಂದೂ ದೀಪ ಇರಲಿಲ್ಲ. ನನ್ನ ಜೊತೆ ಇದ್ದ, ಆ ಕಟ್ಟಡದ ಎಲೆಕ್ಟ್ರಿಷಿಯನ್ ಹುಡುಗ ಮೊಬೈಲ್ ಟಾರ್ಚ್ ಹಾಕಿಕೊಂಡ. 90 ನಿಮಿಷ ಮುಗಿದಾಗ ಉರಿಯುತ್ತಿದ್ದದ್ದು ನಾಲ್ಕೇ ನಾಲ್ಕು.

ಅವರ ರಿಜಿಸ್ಟರ್ ತೆಗೆದು ನೋಡಿದೆ. ಪ್ರತಿ ತಿಂಗಳೂ ಎಲ್ಲ ದೀಪಗಳ ಮುಂದೆ ಟಿಕ್ ಇದೆ, ಸಹಿ ಇದೆ. ಆ ಹುಡುಗ ಸುಳ್ಳು ಬರೆದಿರಲಿಲ್ಲ, ಇದನ್ನು ನಾನು ಕಾರ್ಯದರ್ಶಿಗಳಿಗೂ ಒತ್ತಿ ಹೇಳಿದೆ. ಅವನು ನಿಜವಾಗಿ ತಿಂಗಳಿಗೊಂದು ಸಲ ಏಣಿ ಹಾಕಿಕೊಂಡು ಪ್ರತಿಯೊಂದು ದೀಪದ ಟೆಸ್ಟ್ ಬಟನ್ ಒತ್ತಿದ್ದಾನೆ. ಬಟನ್ ಒತ್ತಿದರೆ ದೀಪ ಉರಿಯುತ್ತದೆ, ಬಿಟ್ಟರೆ ಆರುತ್ತದೆ, ಎಲ್ಲ ಸೇರಿ ಮೂರು ಸೆಕೆಂಡ್. ಸಾಯುತ್ತಿರುವ ಬ್ಯಾಟರಿ ಕೂಡ ಮೂರು ಸೆಕೆಂಡ್ ದೀಪ ಉರಿಸುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ನೋಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನೇ ಇವತ್ತು ಬರೆಯಬೇಕು ಅನ್ನಿಸಿದ್ದು. ನಾನು ಕಟ್ಟಡಗಳ ವಿದ್ಯುತ್ ಮತ್ತು ಬೆಂಕಿ ಸುರಕ್ಷತೆ ತಪಾಸಣೆ ಮಾಡುವವನು. ಪಂಪ್, ಹೈಡ್ರಂಟ್, ಅಲಾರಂ ಇವುಗಳ ಬಗ್ಗೆ ಜನ ಪ್ರಶ್ನೆ ಕೇಳುತ್ತಾರೆ. ಮೆಟ್ಟಿಲಿನ ಮೇಲಿರುವ ಆ ಸಣ್ಣ ಬಿಳಿ ಡಬ್ಬದ ಬಗ್ಗೆ ಕೇಳಿದವರು ತೀರಾ ಕಡಿಮೆ. ಅದರಲ್ಲಿ ಒಂದು ಹಸಿರು ಚುಕ್ಕೆ ಉರಿಯುತ್ತಿರುತ್ತದೆ, ಅದನ್ನು ನೋಡಿ ಸರಿ ಇದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಆ ಚುಕ್ಕೆ ಹೇಳುವುದು ಇಷ್ಟೇ: ಡಬ್ಬಕ್ಕೆ ಕರೆಂಟ್ ಬರುತ್ತಿದೆ. ಒಳಗಿನ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಆ ಚುಕ್ಕೆಗೆ ಗೊತ್ತಿಲ್ಲ. ಅದನ್ನು ತಿಳಿಯಬೇಕು ಅಂದರೆ ಕರೆಂಟ್ ತೆಗೆದು, ಗಡಿಯಾರ ಹಿಡಿದು ಕಾಯಬೇಕು. ಬೇರೆ ಅಡ್ಡದಾರಿ ನನಗೆ ಕಂಡಿಲ್ಲ.

"ನಮ್ಮಲ್ಲಿ ಫುಲ್ ಡಿಜಿ ಬ್ಯಾಕಪ್ ಇದೆ ಸಾರ್, ಇದೆಲ್ಲ ಯಾಕೆ?" ಬೆಂಗಳೂರಿನಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಡಿಜಿ ಅಂದರೆ ಡೀಸೆಲ್ ಜನರೇಟರ್. ಕೇಳುವವರ ತಪ್ಪೇನಿಲ್ಲ. ಕರೆಂಟ್ ಹೋಗುತ್ತದೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಜನರೇಟರ್ ಗುರ್ ಅನ್ನುತ್ತದೆ, ಲಿಫ್ಟ್ ಮತ್ತೆ ಹೊರಡುತ್ತದೆ. ವರ್ಷಗಟ್ಟಲೆ ಹೀಗೇ ನೋಡಿದವರಿಗೆ ಕತ್ತಲೆ ಅಂದರೆ ಹದಿನೈದು ಸೆಕೆಂಡಿನ ವಿಷಯ ಅನ್ನಿಸುವುದು ಸಹಜ.

ಆದರೆ ಜನರೇಟರ್ ಕಾಪಾಡುವುದು ಬೆಸ್ಕಾಂ ಲೈನ್ ಹೋದಾಗ. ಬೆಂಕಿ ಬಿದ್ದಾಗ ಕಥೆಯೇ ಬೇರೆ. ನಿಮ್ಮ ಕಟ್ಟಡದ ಎಲೆಕ್ಟ್ರಿಕಲ್ ಶಾಫ್ಟ್ ಬಾಗಿಲು ಒಂದು ಸಲ ತೆಗೆಸಿ ನೋಡಿ. ಹೆಚ್ಚಿನ ಕಡೆ ಬೆಸ್ಕಾಂ ಕೇಬಲ್ ಮತ್ತು ಡಿಜಿ ಕೇಬಲ್ ಅಕ್ಕಪಕ್ಕದಲ್ಲೇ, ಒಂದೇ ಟ್ರೇ ಮೇಲೆ ಮೇಲಕ್ಕೆ ಹೋಗಿರುತ್ತವೆ. ಮೆಟ್ಟಿಲಿನ ದೀಪಕ್ಕಂತೂ ಪ್ಯಾನೆಲ್ಲಿನಿಂದ ಆಚೆಗೆ ಇರುವುದು ಒಂದೇ ವೈರು, ಕರೆಂಟ್ ಎಲ್ಲಿಂದ ಬಂದರೂ ಅದರಲ್ಲೇ ಬರಬೇಕು. ಆ ಶಾಫ್ಟಿನಲ್ಲೇ ಬೆಂಕಿ ಹುಟ್ಟಿದರೆ? ಕೆಳಗೆ ಬೇಸ್‌ಮೆಂಟಿನಲ್ಲಿ ಜನರೇಟರ್ ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಮೆಟ್ಟಿಲಿಗೆ ಬೆಳಕು ಬರುವುದಿಲ್ಲ. ಶಾಫ್ಟಿಗೆ ಏನೂ ಆಗದಿದ್ದರೂ, ಬೆಂಕಿ ಅಂದ ಕೂಡಲೇ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಆ ಭಾಗದ ಕರೆಂಟ್ ತೆಗೆಯುವುದು. ಆಗ ಉಳಿಯುವುದು ಆ ಬಿಳಿ ಡಬ್ಬದೊಳಗಿನ ಬ್ಯಾಟರಿ ಒಂದೇ.

ಶಾಫ್ಟ್ ಬೆಂಕಿ ಅಂದರೆ ನಮ್ಮ ಊರಿನವರಿಗೆ ನೆನಪಾಗಬೇಕಾದ ದಿನ 2010ರ ಫೆಬ್ರುವರಿ 23. ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಅನ್ನುವ ಕಚೇರಿ ಕಟ್ಟಡ. ಎಲೆಕ್ಟ್ರಿಕಲ್ ಡಕ್ಟಿನಲ್ಲಿ ಶುರುವಾದ ಬೆಂಕಿಯ ಹೊಗೆ ಮಹಡಿ ಮಹಡಿಗೂ ಹಬ್ಬಿತು. ಜನ ಉಸಿರಿಗಾಗಿ ಕಿಟಕಿ ಗಾಜು ಒಡೆದರು, ಕೆಲವರು ಮೇಲಿನಿಂದ ಹಾರಿದರು. ಒಂಬತ್ತು ಜನ ತೀರಿಕೊಂಡರು. ಅಲ್ಲಿ ಸಾವಿಗೆ ಕಾರಣ ದೀಪ ಇಲ್ಲದ್ದೇ ಅಂತ ನಾನು ಹೇಳುತ್ತಿಲ್ಲ, ಜನ ಸತ್ತದ್ದು ಹೊಗೆಯಿಂದ ಮತ್ತು ಅದರಿಂದ ಪಾರಾಗಲು ಹಾರಿದ್ದರಿಂದ. ನಾನು ಹೇಳುವುದು ಬೆಂಕಿ ಹುಟ್ಟಿದ ಜಾಗದ ಬಗ್ಗೆ. ಇಡೀ ಕಟ್ಟಡಕ್ಕೆ ಕರೆಂಟ್ ಹೋಗುವ ದಾರಿಯಲ್ಲೇ ಅದು ಹುಟ್ಟಿತ್ತು. ಅವತ್ತು ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಮುಂದೆ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ, ಬೆಂಕಿ ಸುರಕ್ಷತೆಗಾಗಿ ಕೆಲಸ ಮಾಡುತ್ತಾ ಬಂದಿದ್ದಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ದೀಪದ ಮಾತೇ ಬೇಕೆಂದರೆ ದೆಹಲಿಯ ಉಪಹಾರ್ ಚಿತ್ರಮಂದಿರ. 1997ರ ಜೂನ್ 13. ನೆಲಮಹಡಿಯ ಪಾರ್ಕಿಂಗಿನಲ್ಲಿದ್ದ ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬೆಂಕಿ ಎದ್ದಿತು, ಕರೆಂಟ್ ಹೋಯಿತು, ಹೊಗೆ ಮೇಲಕ್ಕೆ ಏರಿತು. ಬಾಲ್ಕನಿಯಲ್ಲಿದ್ದವರಿಗೆ ಕತ್ತಲೆ. ಎಮರ್ಜೆನ್ಸಿ ದೀಪ ಇರಲಿಲ್ಲ, ಹೆಚ್ಚುವರಿ ಸೀಟುಗಳನ್ನು ಹಾಕಿ ಒಂದು ಕಡೆಯ ಹೊರದಾರಿಯನ್ನೇ ಮುಚ್ಚಿದ್ದರು. 59 ಜನ ಹೋದರು. ಈ ಕೇಸಿನ ವಿವರ ಓದಿದ ಮೇಲೆ ನಾನು ಯಾವ ಸಿನಿಮಾ ಹಾಲಿಗೆ ಹೋದರೂ ಮೊದಲು ಎಕ್ಸಿಟ್ ಬೋರ್ಡ್ ಎಲ್ಲಿದೆ ಅಂತ ನೋಡುತ್ತೇನೆ, ಮಕ್ಕಳಿಗೂ ತೋರಿಸುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ 2016, ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ಸುರಕ್ಷತೆಯದ್ದು. ಎಮರ್ಜೆನ್ಸಿ ದೀಪಕ್ಕೆ ಮಾಮೂಲಿ ದೀಪದ ಹಂಗಿಲ್ಲದ ಬೇರೆ ಮೂಲದಿಂದ ವಿದ್ಯುತ್ ಬರಬೇಕು. ಹೊರಹೋಗುವ ದಾರಿಯ ನಡುಮಧ್ಯೆ, ನೆಲದ ಮಟ್ಟದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಇರಬೇಕು (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಕನಿಷ್ಠ 90 ನಿಮಿಷ ಉರಿಯಬೇಕು, ಕಟ್ಟಡ ಎಷ್ಟೇ ಚಿಕ್ಕದಿರಲಿ. ಬ್ಯಾಟರಿ ದೀಪ ಇದೆ ಅಂತ ಜನರೇಟರ್ ಬೇಡ ಅನ್ನುವಂತೆಯೂ ಇಲ್ಲ, ಅದನ್ನೂ ಸ್ಪಷ್ಟವಾಗಿ ಬರೆದಿದ್ದಾರೆ. 10 ಲಕ್ಸ್ ಅಂದರೆ ಎಷ್ಟು ಅಂತ ಗೊತ್ತಾಗಬೇಕಾದರೆ ಹುಣ್ಣಿಮೆ ರಾತ್ರಿ ನೆನಪಿಸಿಕೊಳ್ಳಿ. ತುಂಬು ಚಂದ್ರನ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಅದರಲ್ಲೇ ನಮ್ಮ ಹಿರಿಯರು ಹೊಲದ ಬದುವಿನ ಮೇಲೆ ನಡೆದು ಬಂದರು ನಿಜ, ಆದರೆ ಅವರ ಕಣ್ಣು ಕತ್ತಲೆಗೆ ಒಗ್ಗಿರುತ್ತಿತ್ತು. ಟ್ಯೂಬ್‌ಲೈಟ್ ಕೆಳಗಿನಿಂದ ಏಕಾಏಕಿ ಕತ್ತಲೆಗೆ ಬಿದ್ದ ಕಣ್ಣು ಹೊಂದಿಕೊಳ್ಳುವುದಕ್ಕೆ ಹಲವು ನಿಮಿಷ ಬೇಕು. ಓಡುವವರಿಗೆ ಅಷ್ಟು ಸಮಯ ಎಲ್ಲಿದೆ?

ಪರೀಕ್ಷೆಯ ವಿಷಯದಲ್ಲಿ ಹೊರಗಿನ ಪದ್ಧತಿಯೂ ಹೆಚ್ಚುಕಡಿಮೆ ಹೀಗೇ. ಅಮೆರಿಕದ ಜೀವ ಸುರಕ್ಷತಾ ಸಂಹಿತೆಯಾದ ಎನ್‌ಎಫ್‌ಪಿಎ 101 ತಿಂಗಳಿಗೊಮ್ಮೆ 30 ಸೆಕೆಂಡ್, ವರ್ಷಕ್ಕೊಮ್ಮೆ 90 ನಿಮಿಷ ಉರಿಸಿ ನೋಡಿ ಅನ್ನುತ್ತದೆ. ಬ್ರಿಟನ್ನಿನಲ್ಲಿ ವರ್ಷದ ಪರೀಕ್ಷೆ ಸಾಮಾನ್ಯವಾಗಿ ಮೂರು ಗಂಟೆ. ವರ್ಷಕ್ಕೊಂದು ದಿನ ಕಾಯುವುದು ದೊಡ್ಡ ವಿಷಯವೇ?

ಬ್ಯಾಟರಿ ಯಾಕೆ ಹೀಗೆ ಕೈಕೊಡುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ತಡೆಯಬಹುದಾದದ್ದು ಜಾಸ್ತಿ ಇದೆ. ಮೊದಲನೆಯ ಶತ್ರು ಬಿಸಿ. ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅದಕ್ಕಿಂತ ಪ್ರತಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕೆಲಸದವರ ಸಾಮಾನ್ಯ ಲೆಕ್ಕ. ತಾರಸಿಯ ಕೆಳಗಿನ ಕೊನೆ ಮಹಡಿ, ಲಿಫ್ಟ್ ಮೆಷಿನ್ ರೂಮಿನ ಪಕ್ಕ, ಗಾಳಿ ಆಡದ ಮೂಲೆ, ಇಲ್ಲೆಲ್ಲ ಬ್ಯಾಟರಿ ಬೇಗ ಸಾಯುತ್ತದೆ. ಎರಡನೆಯದು ಕಟ್ಟಡ ಕಟ್ಟುವಾಗಲೇ ಆಗುವ ಹಾನಿ. ಬಿಲ್ಡರ್ ಕಡೆಯವರು ದೀಪಗಳನ್ನು ಕೂರಿಸಿ ಆರು ತಿಂಗಳು, ಒಂದು ವರ್ಷ ಆದ ಮೇಲೆ ಮನೆ ಕೈಗೆ ಬರುತ್ತದೆ. ಅಷ್ಟು ಕಾಲ ಅಲ್ಲಿ ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ಬ್ಯಾಟರಿ ಪೂರ್ತಿ ಖಾಲಿಯಾಗಿ ಹಾಗೇ ಬಿದ್ದಿರುತ್ತದೆ. ಖಾಲಿ ಬಿದ್ದ ಲೆಡ್ ಆಸಿಡ್ ಬ್ಯಾಟರಿ ಒಳಗೊಳಗೇ ಗಟ್ಟಿಯಾಗಿ ಹಾಳಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಹೀಗಾಗಿ ಗೃಹಪ್ರವೇಶದ ದಿನವೇ ದೀಪ ಅರ್ಧ ಸತ್ತಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಹೊಸ ಅಪಾರ್ಟ್‌ಮೆಂಟಿಗೆ ಹೋಗುತ್ತಿರುವವರು ದಯವಿಟ್ಟು ಹಸ್ತಾಂತರಕ್ಕೆ ಮೊದಲೇ 90 ನಿಮಿಷದ ಪರೀಕ್ಷೆ ನಿಮ್ಮ ಕಣ್ಣ ಮುಂದೆ ಮಾಡಿಸಿ.

ಮೂರನೆಯದು ಸ್ವಿಚ್. ಎಮರ್ಜೆನ್ಸಿ ದೀಪಕ್ಕೆ ಬರುವ ಲೈನನ್ನು ಯಾರೋ ಮಾಮೂಲಿ ಸ್ವಿಚ್ಚಿಗೆ ಕೊಟ್ಟಿರುತ್ತಾರೆ. ಬೆಳಗ್ಗೆ ಸೆಕ್ಯುರಿಟಿಯವರು ಕರೆಂಟ್ ಉಳಿಸೋಣ ಅಂತ ಸ್ವಿಚ್ ಆರಿಸುತ್ತಾರೆ. ದೀಪ ಪಾಪ, ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿಯಿಂದ ಉರಿದು ಉರಿದು ಖಾಲಿಯಾಗುತ್ತದೆ. ದಿನವೂ ಇದೇ ನಡೆದರೆ ಯಾವ ಬ್ಯಾಟರಿ ಉಳಿಯುತ್ತದೆ? ಇದಕ್ಕೆ ತದ್ವಿರುದ್ಧ ತಪ್ಪೂ ಇದೆ, ಅದು ಇನ್ನೂ ಅಪಾಯ. ಎಮರ್ಜೆನ್ಸಿ ದೀಪಗಳನ್ನು ಲಿಫ್ಟ್ ಲಾಬಿಯ ಯುಪಿಎಸ್ ಲೈನಿಗೆ ಕೊಟ್ಟುಬಿಡುತ್ತಾರೆ. ಮೆಟ್ಟಿಲಿನ ಎಂಸಿಬಿ ಟ್ರಿಪ್ ಆದರೂ ಯುಪಿಎಸ್ ಕಡೆಯಿಂದ ಕರೆಂಟ್ ಬರುತ್ತಲೇ ಇರುವುದರಿಂದ ಅವು ಹತ್ತಿಕೊಳ್ಳುವುದೇ ಇಲ್ಲ. ಯಾವ ಮಾಮೂಲಿ ದೀಪ ಆರಿದಾಗ ಇದು ಉರಿಯಬೇಕೋ, ಅದೇ ಲೈನಿನ ಮೇಲೆ ಇದರ ಕಣ್ಣಿರಬೇಕು. ಅದಕ್ಕೇ ನಾನು ಮೇನ್ ಸ್ವಿಚ್ ಇಳಿಸಿ ಸುಮ್ಮನಾಗುವುದಿಲ್ಲ, ಒಂದೊಂದೇ ಎಂಸಿಬಿ ಇಳಿಸಿ ಎಲ್ಲಿ ಕತ್ತಲಾಯಿತು, ಅಲ್ಲಿ ದೀಪ ಬಂತೇ ಅಂತ ನಡೆದು ನೋಡುತ್ತೇನೆ. ಹೊತ್ತು ಹಿಡಿಯುತ್ತದೆ, ಕಾಲು ನೋಯುತ್ತದೆ, ಆದರೆ ಹೀಗೆ ಮಾಡಿದಾಗ ಮಾತ್ರ ಈ ತಪ್ಪು ಸಿಗುತ್ತದೆ.

ಇನ್ನೊಂದು ವಿಷಯ ಈಚೆಗೆ ಹೆಚ್ಚಾಗಿ ಕಾಣುತ್ತಿದೆ. ಮೆಟ್ಟಿಲಿನ ಅಂಚಿಗೆ, ಗೋಡೆಯ ಕೆಳಭಾಗಕ್ಕೆ ಕತ್ತಲೆಯಲ್ಲಿ ಹೊಳೆಯುವ ಪಟ್ಟಿ ಅಂಟಿಸುತ್ತಾರೆ. ಬಹಳ ಒಳ್ಳೆಯ ಉಪಾಯ. ಬಿಸಿ ಹೊಗೆ ಮೊದಲು ತುಂಬುವುದು ಮೇಲುಗಡೆ, ಸೂರಿನ ದೀಪ ಮತ್ತು ಬಾಗಿಲ ಮೇಲಿನ ಬೋರ್ಡ್ ಮೊದಲು ಮರೆಯಾಗುತ್ತವೆ, ಬಗ್ಗಿಕೊಂಡು ಹೋಗುವವರಿಗೆ ನೆಲದ ಹತ್ತಿರದ ಗುರುತೇ ಗತಿ. ಆದರೆ ಆ ಪಟ್ಟಿ ಹೊಳೆಯಬೇಕಾದರೆ ಮೊದಲು ಬೆಳಕು ಕುಡಿದಿರಬೇಕು. ಈಗ ಕರೆಂಟ್ ಬಿಲ್ ಉಳಿಸಲು ಮೆಟ್ಟಿಲಿಗೆಲ್ಲ ಮೋಷನ್ ಸೆನ್ಸರ್ ಹಾಕುತ್ತಿದ್ದಾರೆ. ಎಲ್ಲರೂ ಲಿಫ್ಟಿನಲ್ಲೇ ಓಡಾಡುವುದರಿಂದ ಮೆಟ್ಟಿಲು ದಿನವಿಡೀ ಕತ್ತಲು. ಪಟ್ಟಿಗೆ ಬೆಳಕೇ ಬೀಳುವುದಿಲ್ಲ. ಬೇಕಾದ ಹೊತ್ತಿಗೆ ಅದು ಬರೀ ಪ್ಲಾಸ್ಟಿಕ್ ತುಂಡು. ಸೆನ್ಸರ್ ಹಾಕಲೇಬೇಕಿದ್ದರೆ ಪ್ರತಿ ಮಹಡಿಗೆ ಒಂದಾದರೂ ದೀಪ ಸದಾ ಉರಿಯಲಿ, ಈಗಿನ ಎಲ್‌ಇಡಿ ದೀಪಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಎಕ್ಸಿಟ್ ಬೋರ್ಡಿನ ಮೇಲೆ ಫ್ಲೆಕ್ಸ್ ಕಟ್ಟುವುದು, ಹೊಸ ಫಾಲ್ಸ್ ಸೀಲಿಂಗ್ ಹಾಕಿ ದೀಪವನ್ನೇ ಮುಚ್ಚುವುದು, ಬಣ್ಣದವರು ಡಬ್ಬಕ್ಕೂ ಬಣ್ಣ ಬಳಿಯುವುದು, ಒಳಗಿನ ಗೋಡೆ ಬದಲಾದ ಮೇಲೂ ಹಳೆ ಬಾಣದ ಗುರುತು ಗೋಡೆಯನ್ನೇ ತೋರಿಸುತ್ತಿರುವುದು, ಇವೆಲ್ಲ ಎಲ್ಲ ಕಡೆ ಇದ್ದದ್ದೇ. ಕಣ್ಣು ಬಿಟ್ಟು ನಡೆದರೆ ನೀವೇ ಹಿಡಿಯಬಹುದು, ನನ್ನಂಥವರು ಬೇಕಾಗಿಲ್ಲ.

ಪರೀಕ್ಷೆ ನೀವೇ ಮಾಡಿಸುವುದಾದರೆ ಒಂದು ಮಾತು. ಪರೀಕ್ಷೆ ಮುಗಿದಾಗ ಬ್ಯಾಟರಿ ಖಾಲಿಯಾಗಿರುತ್ತದೆ, ಮತ್ತೆ ತುಂಬಲು ಸುಮಾರು 24 ಗಂಟೆ ಬೇಕು. ಆ ಒಂದು ದಿನ ಕಟ್ಟಡಕ್ಕೆ ರಕ್ಷಣೆ ಇಲ್ಲ. ಅದಕ್ಕೆ ಎಲ್ಲವನ್ನೂ ಒಂದೇ ದಿನ ಖಾಲಿ ಮಾಡಬೇಡಿ. ಒಂದು ಮೆಟ್ಟಿಲು ಈ ವಾರ, ಇನ್ನೊಂದು ಮುಂದಿನ ವಾರ. ಒಂದೇ ಮೆಟ್ಟಿಲಿದ್ದರೆ ಒಂದು ಬಿಟ್ಟು ಒಂದು ದೀಪ. ದೀಪಾವಳಿ ಹತ್ತಿರವಂತೂ ಬೇಡವೇ ಬೇಡ. ಎಲ್ಲರಿಗೂ ಮುಂಚೆಯೇ ತಿಳಿಸಿ, ಯಾವ ದೀಪ ಎಷ್ಟನೇ ನಿಮಿಷಕ್ಕೆ ಆರಿತು ಅಂತ ಬರೆದಿಡಿ. ಟಿಕ್ ಗುರುತಿಗಿಂತ ಆ ನಿಮಿಷದ ಲೆಕ್ಕ ಮುಖ್ಯ. ಹೋದ ವರ್ಷ 120 ನಿಮಿಷ ಉರಿದದ್ದು ಈ ವರ್ಷ 95ಕ್ಕೆ ಆರಿದರೆ ಪಾಸ್ ಆಯಿತು ಅಂತ ಬಿಡಬೇಡಿ, ಮುಂದಿನ ವರ್ಷಕ್ಕೆ ಅದು ಇರುವುದಿಲ್ಲ.

ಆ ಭಾನುವಾರದ ಕಥೆಗೆ ಮತ್ತೆ ಬರುತ್ತೇನೆ. ನಲವತ್ತೈದನೇ ನಿಮಿಷದ ಹೊತ್ತಿಗೆ ಏಳನೇ ಮಹಡಿಯ ಫೈರ್ ಡೋರ್ ತೆರೆದು ಒಬ್ಬರು ಅಜ್ಜಿ ಇಣುಕಿದರು. ನಮ್ಮ ಮಾತು ಕೇಳಿ ಬಂದಿದ್ದರು.

"ಯಾರಪ್ಪಾ ಅದು, ಇಷ್ಟು ಕತ್ತಲೇಲಿ?"

"ಲೈಟ್ ಟೆಸ್ಟ್ ಮಾಡ್ತಾ ಇದ್ದೀವಿ ಅಜ್ಜಿ. ಕರೆಂಟ್ ನಾವೇ ತೆಗೆದಿರೋದು."

ಅವರು ಸ್ವಲ್ಪ ಹೊತ್ತು ಸುಮ್ಮನೆ ಆ ಕತ್ತಲೆ ನೋಡಿದರು. ಆಮೇಲೆ ಕೇಳಿದರು: "ಬೆಂಕಿ ಬಿದ್ರೆ ಲಿಫ್ಟ್‌ನಲ್ಲಿ ಹೋಗ್ಬೇಡಿ ಅಂತ ಬೋರ್ಡ್ ಹಾಕಿದ್ದೀರಲ್ಲ. ಇದ್ರಲ್ಲಿ ನಾನು ಹೇಗಪ್ಪಾ ಇಳೀಲಿ?"

ಕಾರ್ಯದರ್ಶಿಗಳು ಅಲ್ಲೇ ನಿಂತಿದ್ದರು. ಅದಾದ ಮೇಲೆ ಖರ್ಚಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಮೂರು ವಾರದಲ್ಲಿ ಎಲ್ಲ ಬ್ಯಾಟರಿ ಬದಲಾದವು, ಕೆಟ್ಟ ಎರಡು ದೀಪ ಹೊಸದಾದವು, ಇನ್ನೊಂದು ಮೆಟ್ಟಿಲಿನದ್ದೂ ಹಾಗೇ.

ಮತ್ತೆ ಪರೀಕ್ಷೆಗೆ ಹೋದ ದಿನ ಅಜ್ಜಿ ನಮಗಿಂತ ಮೊದಲೇ ತಯಾರಾಗಿದ್ದರು, ಕಾಲಿಗೆ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಿದ್ದರು. ತಾವೇ ಇಳಿದು ನೋಡುತ್ತೇನೆ ಅಂದರು. ಎಂಸಿಬಿ ಇಳಿಸಿದೆವು, 24ಕ್ಕೆ 24 ಹತ್ತಿದವು. ಅವರು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಎಲೆಕ್ಟ್ರಿಷಿಯನ್ ಹುಡುಗನ ಭುಜದ ಮೇಲಿಟ್ಟು ನಿಧಾನವಾಗಿ ಇಳಿದರು. ಮೂರನೇ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟರು.

"ಇಲ್ಲಿ ಕೊನೇ ಮೆಟ್ಲು ಕಾಣಲ್ಲ ಕಣಪ್ಪಾ."

ನಾನು ಹೋಗಿ ನೋಡಿದೆ. ದೀಪ ಉರಿಯುತ್ತಿತ್ತು, ಆದರೆ ಅಡ್ಡ ಬಂದ ಬೀಮಿನ ನೆರಳು ಸರಿಯಾಗಿ ಆ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಲಕ್ಸ್ ಮೀಟರ್ ನೆಲದ ಮೇಲಿಟ್ಟೆ. 3 ತೋರಿಸಿತು. ಹಿಂದಿನ ಸಲ ಈ ತಿರುವಿಗೆ ನಾವು ಬರುವಷ್ಟರಲ್ಲಿ ಈ ದೀಪ ಆರಿಹೋಗಿತ್ತು, ಹಾಗಾಗಿ ಅಳೆದಿರಲಿಲ್ಲ. ಮರುದಿನ ಹುಡುಗ ಡಬ್ಬವನ್ನು ಬೀಮಿನ ಈಚೆಗೆ, ಎದುರು ಗೋಡೆಗೆ ತಂದು ಕೂರಿಸಿದ. ಫೋಟೋ ಕಳಿಸಿದ್ದ, ಮೀಟರಿನ ಸಮೇತ. 14 ಇತ್ತು.